ಟಗರಿನ ಬೀಜಕ್ಕೆ ಮೂರು ಸಲ ಹೋದದ್ದು

ಒಳ್ಳೇ ಕೆಲಸಕ್ಕೆ ಕೈ ಹಾಕಿದಾಗಲೇ ನಮ್ಮ ಮನಿಯಾಗ ಇಂಥವು ಆಗತಾವು. ಸುಮ್ಮನೆ ಕೂತಾಗ ಒಂದೂ ಆಗೂದಿಲ್ಲ.

ನನ್ನ ಮೊಮ್ಮಗಳು ದನದ ಡಾಕ್ಟರ್‌ಕಿ ಓದ್ಯಾಳ, ಈಗ ಅದರ ಮ್ಯಾಲಿನದು ಓದಾಕತ್ತಾಳ. ಟಗರಿನ ಬೀಜದೊಳಗ ಒಂದು ಜಾತಿ ಕೋಶ ಇರತಾವಂತ. ವೀರ್ಯಾಣು ಬೆಳೆಯೋತನಕ ಅವಕ್ಕೆ ಬಾಣಂತನ ಮಾಡೋದು ಇವುಗಳ ಕೆಲಸ. ತಮ್ಮ ಹೊಟ್ಟಿಗೆ ಕೊಬ್ಬು ಸುಟ್ಟುಕೊಂಡು, ಆ ವೀರ್ಯಾಣು ಮರಿಗಳಿಗೆ ಬೇರೆ ಅಡಿಗಿ ಮಾಡಿ ಹಾಕತಾವಂತ. ಆ ಕೊಬ್ಬು ಹ್ಯಾಂಗ ಸುಡತದ ಅಂತ ಈಕಿ ನೋಡಬೇಕು. ಅದಕ್ಕ ತಾಜಾ ಬೀಜ ಬೇಕು. ನಾನು ನಮ್ಮ ಬಸವಕಲ್ಯಾಣದಿಂದ ಮಂಜುಗಡ್ಡಿಯಾಗ ಇಟ್ಟು ಎರಡು ತಾಸಿನೊಳಗ ಹುಮನಾಬಾದ ಬಸ್‌ಸ್ಟ್ಯಾಂಡಿಗೆ ಮುಟ್ಟಿಸಿದರೆ ಅಲ್ಲಿಂದ ಈಕಿ ಕಾಲೇಜಿನ ಜೀಪಿನಾಗ ಒಯ್ಯತಾಳ. ಅವರ ಸರ್ ಮೂರೇ ಸಲ ಜೀಪು ಕಳಿಸತೇನಿ ಅಂದಿದ್ದರು. ತಪ್ಪಿದರೆ ಒಂದು ವರ್ಷ ಹೋದಂಗ.

ಮೊದಲನೇ ಸಲ

ನಮ್ಮ ಓಣಿಯ ಕಸಾಯಿ ಭಾಯಿ ಭಾಳ ಮರ್ಯಾದಸ್ಥ. ಹೇಳಿದ ಹೊತ್ತಿಗೆ ಪೊಟ್ಟಣ ಕಟ್ಟಿಟ್ಟಿದ್ದ. ಹುಮನಾಬಾದಿನಾಗ ಬಿಚ್ಚಿದರೆ ಬೀಜ ಹಳದಿ! ಮೊಮ್ಮಗಳು ಹಣಿ ಹಣಿ ಬಡಕೊಂಡಳು. ನಾನು ಫೋನ್ ಹಚ್ಚಿ ಬೈದೆ.

"ದೂರ ಹೋಗೋ ಮಾಲು, ಖಾಲಾ. ಕೆಡಬಾರದಂತ ಉಪ್ಪು, ಅರಿಶಿಣ ಹಚ್ಚೇನಿ. ಫಿಕರ್ ಮಾಡಬ್ಯಾಡ್ರಿ, ಬೆಳ್ಳುಳ್ಳಿ ನೀವೇ ಹಾಕ್ಕೋರಿ."

ಎರಡನೇ ಸಲ

ಈ ಸಲ ಮಂಜುಗಡ್ಡಿ ತುಂಬಿದ ಡಬ್ಬಿ ನನ್ನ ತೊಡಿ ಮ್ಯಾಲೆ. ರಣರಣ ಬಿಸಿಲು. ಬಸ್ಸಿನಾಗ ಒಂದು ಕೂಸಿನ ಮೂಗಿನಿಂದ ರಕ್ತ ಸುರೀತು. ಒಂದು ತುಂಡು ಮಂಜುಗಡ್ಡಿ ಕೊಟ್ಟೆ. ಕೊಡದೆ ಹ್ಯಾಂಗ ಇರಲಿ? ಆಮ್ಯಾಲೆ ಘಾಟಬೋರಾಳದ ಮುದುಕಗ ತಲಿ ಸುತ್ತು, ಹುಡಗಿ ಊರಿನ ಹೆಣ್ಮಗಳಿಗೆ ಹಲ್ಲುನೋವು. ಕಡೀಗೆ ಕಂಡಕ್ಟರ್ ಲೋಟಾನೇ ಹಿಡಕೊಂಡು ಬಂದ.

ಮೊಮ್ಮಗಳು ಡಬ್ಬಿ ತೆಗೆದು ಮೂಗು ಮುಚ್ಚಿಕೊಂಡಳು. "ಆಯಿ, ಮಂಜುಗಡ್ಡಿ ಎಲ್ಲಿ?"

"ಬಸ್ಸಿನವರೆಲ್ಲಾ ಆರಾಮದಾರವ್ವ," ಅಂದೆ.

ಮೂರನೇ ಸಲ

ಇನ್ನ ಯಾರನ್ನೂ ನಂಬೂದಿಲ್ಲ ಅಂತ ಜೀವಂತ ಟಗರನ್ನೇ ಟಂಟಂ ಆಟೋದಾಗ ಏರಿಸಿಕೊಂಡು ಹೊಂಟೆ. ಅಲ್ಲೇ ಕೊಯ್ಸಿದರಾತು. ಈಕಿ ಓದೋದು ಕೊಬ್ಬಿನದು ತಾನೆ? ಸಂತಿಯಾಗ ಇಪ್ಪತ್ತು ಟಗರಿನ ಬೆನ್ನು ಹಿಚುಕಿ ಹಿಚುಕಿ, ಎಲ್ಲಕ್ಕಿಂತ ಕೊಬ್ಬಿದ್ದನ್ನೇ ಆರಿಸಿದ್ದೆ.

ಅವತ್ತು ಜೀಪಿನಾಗ ಸರ್ ಸ್ವತಃ ಬಂದಿದ್ದರು. ಟಗರಿನ ಹಿಂದ ಹೋಗಿ ಬಗ್ಗಿ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಅಜ್ಜಿ, ಇದಕ್ಕ ಮರಿ ಇದ್ದಾಗಲೇ ಬೀಜ ಒಡಿಸ್ಯಾರ. ಅದಕ್ಕೇ ಇಷ್ಟು ಕೊಬ್ಬ್ಯದ."

ಅಯ್ಯ ಶಿವನೇ! ಮಾಂಸಕ್ಕಂತ ಸಾಕೋ ಟಗರಿಗೆ ಬೀಜ ಒಡಿಸೋದು ನನಗ ಗೊತ್ತಿಲ್ಲದ್ದೇನು? ಬೆನ್ನು ನೋಡೋ ಭರದಾಗ ಹಿಂದ ನೋಡೋದು ಮರೆತಿದ್ದೆ. ಮೊಮ್ಮಗಳು ಕಟ್ಟಿ ಮ್ಯಾಲೆ ಕುಸಿದು ಕೂತಳು.

ಸರ್ ಸ್ಟ್ಯಾಂಡಿನ ಹಿಂದಿನ ಕಸಾಯಿ ಅಂಗಡಿಗೆ ಹೋಗಿ, ಆಗಷ್ಟೇ ಕೊಯ್ದ ಬಡಕಲು ಟಗರಿನ ಬೀಜ ಡಬ್ಬಿಗೆ ಹಾಕಿಸಿಕೊಂಡು ಹತ್ತು ನಿಮಿಷದಾಗ ಬಂದರು. ಮೊಮ್ಮಗಳ ಮುಖ ಅರಳಿತು. ನನಗ ಸಿಟ್ಟು ನೆತ್ತಿಗೇರಿತು, ಆಕಿ ಕಡೆ ತಿರುಗಿದೆ.

"ಇಲ್ಲೇ ಸಿಗತಿತ್ತಂದ್ರ ನನ್ನ್ಯಾಕ ಮೂರು ಸಲ ಓಡಿಸಿದಿ?"

"ಹುಮನಾಬಾದಿನ ಮಾಲು ನಂಬಬ್ಯಾಡ, ನಮ್ಮ ಕಲ್ಯಾಣದ್ದೇ ಖರೆ ಅಂದಾಕಿ ಯಾರು, ಆಯಿ?"

ನಾನು ಟಗರಿನ ಮುಖ ನೋಡಿದೆ. ಅದೂ ನನ್ನ ಪರ ಮಾತಾಡಲಿಲ್ಲ.