ಓಣಂ ಹೆಚ್ಚೋ ವಿಷು ಹೆಚ್ಚೋ: ಕಾರ್ಖಾನೆಯ ಕೂಗಿಗೊಂದು ದೂರು

ಭದ್ರಾವತಿ, ಮಾರ್ಚ್ ೧೯೬೧

ನಮ್ಮ ಹೆಂಚಿನ ಕಾರ್ಖಾನೆಯ ನೆತ್ತಿಯ ಮೇಲೆ ಬಿಜಯಂಗೈದಿರುವ, ತೊಟ್ಟಿಲ ಕೂಸನ್ನೂ ಹಾಸಿಗೆ ಹಿಡಿದ ಮುದುಕರನ್ನೂ ಭೇದವೆಣಿಸದೆ ಎಬ್ಬಿಸಿ ಕೂರಿಸುವ, ಮಹಾಕಂಠರಾದ ಸೈರನ್ ಮಹಾಶಯರ ಸನ್ನಿಧಾನಕ್ಕೆ, ಅದೇ ಕಾರ್ಖಾನೆಯ ಹಾಜರಿ ಗುಮಾಸ್ತ ಹಾಲಸ್ವಾಮಿ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಇಲ್ಲಿ ನಾನು ಕ್ಷೇಮ. ತಮ್ಮ ಗಂಟಲು ಕ್ಷೇಮವೆಂಬುದು ಮಲವಗೊಪ್ಪದವರೆಗೆ ಎಲ್ಲರಿಗೂ ದಿನವೂ ತಿಳಿದುಬರುತ್ತಿರುವುದರಿಂದ ಅದನ್ನು ಬೇರೆಯಾಗಿ ವಿಚಾರಿಸುವ ಅಧಿಕಪ್ರಸಂಗಕ್ಕೆ ಹೋಗುವುದಿಲ್ಲ. ತಮ್ಮ ಧ್ವನಿ ಕೇಳಿದ ಮೇಲೆ ಸಕ್ರೆಬೈಲಿನ ಆನೆಗಳು ಘೀಳಿಡುವುದಕ್ಕೇ ಸಂಕೋಚಪಡುತ್ತವೆಂದು ನಮ್ಮಲ್ಲಿ ಮಾತಿದೆ. ಇರಲಿ, ವಿಷಯಕ್ಕೆ ಬರುತ್ತೇನೆ. ನೆರೆಮನೆಯ ಮಲಯಾಳಿಗಳ ಹಬ್ಬಗಳಾದ ಓಣಂ ಮತ್ತು ವಿಷು, ಇವೆರಡರಲ್ಲಿ ನನಗೆ ಯಾವುದು ಹೆಚ್ಚು ಎಂಬುದನ್ನು ಕಾರಣ ಸಮೇತ ಬರೆದು, ಬರುವ ಸೋಮವಾರದೊಳಗೆ ವಠಾರದ ಹೆಬ್ಬಾಗಿಲಿಗೆ ಅಂಟಿಸದೇ ಹೋದರೆ ನನ್ನ ಮದುವೆ ನಡೆಯುವುದಿಲ್ಲ. ತಾವು ದಯಮಾಡಿ ನಗಬಾರದು. ತಾವು ನಕ್ಕರೆ ಪಾಳಿ ಬದಲಾಯಿತೆಂದು ಊರೇ ಎದ್ದು ಓಡುತ್ತದೆ. ಈ ಇಕ್ಕಟ್ಟಿನ ಮೂಲಪುರುಷರು ತಾವೇ ಆದ್ದರಿಂದ ಪತ್ರವನ್ನು ತಮಗೇ ಬರೆಯುವುದು ನ್ಯಾಯವೆಂದು ತೋರಿತು.

ನನ್ನ ಒಂಟಿ ಕೋಣೆಯ ಪಕ್ಕದ ಮನೆಯಲ್ಲಿರುವವರು ನಮ್ಮ ಕಾರ್ಖಾನೆಯ ಶಂಕುಣ್ಣಿ ಮೇಸ್ತ್ರಿಗಳು ಮತ್ತು ಅವರ ಪತ್ನಿ ಅಮ್ಮುಕುಟ್ಟಿಯಮ್ಮನವರು. ಮೇಸ್ತ್ರಿಗಳು ತಿರುವಾಂಕೂರಿನ ಕಡೆಯವರು. ಅವರ ಲೆಕ್ಕದಲ್ಲಿ ಓಣವೊಂದೇ ಹಬ್ಬ, ಮಿಕ್ಕದ್ದೆಲ್ಲ ಬರೀ ರಜಾ. ಅಮ್ಮುಕುಟ್ಟಿಯಮ್ಮ ಮಲಬಾರಿನವರು, ವಿಷುವಿನ ಬೆಳಗನ್ನು ನೆಟ್ಟಗೆ ಕಾಣದವನು ಆ ವರ್ಷವನ್ನೇ ಕಾಣಲಿಲ್ಲವೆಂಬುದು ಅವರ ಪಟ್ಟು. ಮದುವೆಯಾದಂದಿನಿಂದ ಇವರಿಬ್ಬರ ನಡುವೆ ಇದೊಂದೇ ಜಗಳ, ಪುಣ್ಯಕ್ಕೆ ಎರಡೂ ಹಬ್ಬಕ್ಕೆ ನನ್ನನ್ನು ಕರೆಯುವುದರಲ್ಲಿ ಮಾತ್ರ ಜಗಳವಿಲ್ಲ.

ಹೋದ ವರ್ಷದ ಏಪ್ರಿಲ್ ತಿಂಗಳ ವಿಷು ತಮ್ಮ ನೆನಪಿನಲ್ಲಿದೆಯೋ ಇಲ್ಲವೋ, ನನ್ನ ಜನ್ಮದಲ್ಲಿ ಮರೆಯುವಂತಿಲ್ಲ. ಅಮ್ಮುಕುಟ್ಟಿಯಮ್ಮ ಕಂಚಿನ ಉರುಳಿಯಲ್ಲಿ ಅಕ್ಕಿ ತುಂಬಿ, ಹಳದಿ ಸೌತೆಕಾಯಿ, ಕನ್ನಡಿ, ಮಡಿ ಪಂಚೆ, ಕೊರಳ ಚಿನ್ನದ ಸರ, ಹೊಳೆಯಾಚೆಯಿಂದ ತರಿಸಿದ ಕಕ್ಕೆ ಹೂವಿನ ಗೊಂಚಲು, ಎಲ್ಲವನ್ನೂ ಕೃಷ್ಣನ ಮುಂದೆ ಜೋಡಿಸಿ ದೀಪ ಹಚ್ಚಿಡುತ್ತಾರೆ. ಇದಕ್ಕೆ ಕಣಿ ಎಂದು ಹೆಸರು. ವಿಷುವಿನ ನಸುಕಿನಲ್ಲಿ ಎದ್ದವರು ಕಣ್ಣು ಬಿಡದೆ ಹಾಗೆಯೇ ಬಂದು ಮೊಟ್ಟಮೊದಲು ಅದನ್ನೇ ನೋಡಬೇಕು. ಮೊದಲು ಕಂಡದ್ದೇ ವರ್ಷವಿಡೀ ಒದಗುತ್ತದಂತೆ. ನಾವು ಬೇವುಬೆಲ್ಲ ತಿಂದು ಬಂದದ್ದು ಬರಲಿ ಎನ್ನುವ ಜನ, ಆದರೂ ಬಡ್ತಿಯೂ ಬರದೆ ಹೆಣ್ಣೂ ಗೊತ್ತಾಗದೆ ಕೂತಿದ್ದ ನನಗೆ ಈ ಏರ್ಪಾಡು ಬಹಳ ಹಿಡಿಸಿತು. ಏನೇ ಆದರೂ ನಡುವೆ ಕಣ್ಣು ಬಿಡುವುದಿಲ್ಲವೆಂದು ಅಮ್ಮುಕುಟ್ಟಿಯಮ್ಮನಿಗೆ ಮಾತು ಕೊಟ್ಟೆ.

ಮೇಸ್ತ್ರಿಗಳು ಬಂದು ಹಿಂದಿನಿಂದ ನನ್ನ ಕಣ್ಣಿಗೆ ಅಂಗೈ ಮುಚ್ಚಿ, ವಠಾರದ ಅಂಗಳದಲ್ಲಿ ಮೆಲ್ಲಗೆ ನಡೆಸಿಕೊಂಡು ಹೊರಟಿದ್ದರು. ಆಗ ತಾವು ಕೂಗಿದಿರಿ. ಇನ್ನೂ ಕೋಳಿ ಕೂಗದ ಹೊತ್ತಿನಲ್ಲಿ, ಹೊತ್ತಿಗೆ ಮುಂಚೆ, ಯಾವ ಸಂತೋಷಕ್ಕೋ ಏನೋ, ಕೂಗಿಬಿಟ್ಟಿರಿ. ಹೆಂಚು ಸುಡುವ ಗೂಡಿಗೆ ಬೆಂಕಿ ಹಾಕುವ ಹೊತ್ತು ಮೀರಿತೆಂದು ಮೇಸ್ತ್ರಿಗಳು ‘ಅಯ್ಯೋ’ ಎಂದವರೇ ನನ್ನ ಕಣ್ಣನ್ನೂ ನನ್ನನ್ನೂ ನಡು ಅಂಗಳದಲ್ಲಿ ಬಿಟ್ಟು ಟವಲಿನಲ್ಲೇ ಗೇಟಿನತ್ತ ಓಡಿದರು. ನಾನೋ ಮಾತು ಕೊಟ್ಟವನು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಗೋಡೆ ತಡಕುತ್ತ ನಡೆದೆ. ದೀಪದ ಶಾಖ ಮುಖಕ್ಕೆ ತಾಗಿತು, ಬಳೆ ಸದ್ದಾಯಿತು. ಕೃಷ್ಣ ಕೈಬಿಡಲಿಲ್ಲವೆಂದು ಅಲ್ಲೇ ಉದ್ದಂಡ ಅಡ್ಡಬಿದ್ದು, ಕೈಮುಗಿದು ಕಣ್ಣು ಬಿಟ್ಟೆ.

ಅದು ಬಚ್ಚಲಮನೆಯ ಮೆಟ್ಟಿಲು. ಎದುರಿಗೆ ವಠಾರದ ಮಾಲೀಕರಾದ ಶಿವಯೋಗಪ್ಪನವರ ಮಗಳು, ಮಿಡ್ಲ್ ಸ್ಕೂಲಿನ ಟೀಚರು ಬಸವರಾಜೇಶ್ವರಿಯವರು, ಬಾಯಿ ತುಂಬ ಇದ್ದಿಲು ಪುಡಿ, ಬಿಚ್ಚಿದ ಕೂದಲು, ಒಂದು ಕೈಯಲ್ಲಿ ಬುಡ್ಡಿದೀಪ, ಇನ್ನೊಂದರಲ್ಲಿ ತುಂಬಿದ ಚೊಂಬು ಹಿಡಿದು ನಿಂತಿದ್ದರು. ಆ ಚೊಂಬು ಮರುಗಳಿಗೆಯಲ್ಲಿ ತುಂಬಿರಲಿಲ್ಲ. ಚಿನ್ನ, ಹೂವು, ಕನ್ನಡಿ ಕಾಣಬೇಕಾದವನು ಕಪ್ಪು ಹಲ್ಲನ್ನೂ ಕೆಂಡದಂಥ ಕೋಪವನ್ನೂ ಕಂಡು ತಣ್ಣೀರಲ್ಲಿ ತೊಯ್ದು ತೊಪ್ಪೆಯಾದೆ. ಶಿವಯೋಗಪ್ಪನವರು ಕೋಲು ಹಿಡಿದು ಬಂದರು, ಅಮ್ಮುಕುಟ್ಟಿಯಮ್ಮ ತಲೆತಲೆ ಚಚ್ಚಿಕೊಳ್ಳುತ್ತ ಮಲಯಾಳದಲ್ಲಿ ಸಮಾಧಾನ ಹೇಳಿದರು. ಮಾನ್ಯರೇ, ತಮ್ಮ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು.

ಇನ್ನು ಓಣಂ. ದೀಪಾವಳಿಗೆ ನಮ್ಮಲ್ಲಿಗೆ ಬರುವ ಬಲೀಂದ್ರನೇ ಮಲಯಾಳಿಗಳಲ್ಲಿಗೆ ಮೊದಲೇ ಓಣಕ್ಕೆ ಬಂದು ಉಂಡು ಹೋಗುತ್ತಾನೆ. ವರ್ಷಕ್ಕೆ ಎರಡೆರಡು ಸಲ ರಜಾ ಸಿಗುತ್ತದೆಂದರೆ ಆ ಮಹಾರಾಯನ ಪಾತಾಳದಲ್ಲಿ ತಮ್ಮಂಥ ಸೈರನ್ ಇಲ್ಲವೆಂದೇ ಅರ್ಥ. ಅವನ ಸ್ವಾಗತಕ್ಕೆ ಅಂಗಳದಲ್ಲಿ ಹೂವಿನ ರಂಗೋಲಿ ಹಾಕುತ್ತಾರೆ. ರಂಗೋಲಿ ಎಂದರೆ ಸುಮ್ಮನಿರಲಾರದ ಬಸವರಾಜೇಶ್ವರಿಯವರು ಅಮ್ಮುಕುಟ್ಟಿಯಮ್ಮನ ಕೈಯಿಂದ ಹೂಬುಟ್ಟಿ ಕಿತ್ತುಕೊಂಡೇ ಕೂತಿದ್ದರು. ನಡುವೆ ತುಂಬೆ ಹೂವು, ಸುತ್ತ ಚೆಂಡುಹೂವು, ಅದರಾಚೆ ಹಸಿರೆಲೆಯ ಅಂಚು. ತುಂಬೆ ನಮ್ಮ ಶಿವನಿಗೂ ಬೇಕು, ಅವರ ಬಲಿಗೂ ಬೇಕು ಎಂದು ತಿಳಿದು ನನಗೆ ಯಾಕೋ ಬಹಳ ಖುಷಿಯಾಯಿತು. ಹತ್ತಿರ ಹೋಗಿ ನಿಂತೆ. ಸ್ವಲ್ಪ ಆಚೆ ನಿಲ್ಲಿ, ಮತ್ತೆ ಅಡ್ಡಬಿದ್ದರೆ ಹೂವೆಲ್ಲ ಹಾಳಾಗುತ್ತೆ ಎಂದರು. ಆ ಚೊಂಬು ನೀರಿನ ನಂತರ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ಹೇಳಿದವರ ತುಟಿಯಲ್ಲಿ ನಗು ಇತ್ತು, ಹಲ್ಲು ಬೆಳ್ಳಗಿತ್ತು.

ಊಟದ ಮಾತು ಹೇಳುವಂತೆಯೇ ಇಲ್ಲ. ಅವಿಯಲ್, ಓಲನ್, ಬಾಳೆಕಾಯಿ ಚಿಪ್ಸು, ಎಲೆಯ ತುದಿಯಿಂದ ತುದಿಗೆ ಜಾಗವಿಲ್ಲ. ಕೊನೆಗೆ ಬೆಲ್ಲ, ತೆಂಗಿನ ಹಾಲಿನ ಪ್ರಥಮನ್ ಪಾಯಸ. ಅದನ್ನು ಲೋಟಕ್ಕಲ್ಲ, ಬರೀ ಎಲೆಗೇ ಸುರಿಯುತ್ತಾರೆ. ಹಪ್ಪಳ ಪುಡಿಮಾಡಿ, ಬಾಳೆಹಣ್ಣು ಹಿಚುಕಿ, ಹರಿದು ಹೋಗುವುದರೊಳಗೆ ಕೈಯಲ್ಲೇ ಬಳಿದು ಉಣ್ಣಬೇಕು. ಇನ್ನೇನು ಕೈ ಹಾಕಬೇಕು, ಮಧ್ಯಾಹ್ನದ ಬಿಡುವು ಮುಗಿಯಿತೆಂದು ತಾವು ಕೂಗಿದಿರಿ! ಅಂದು ಮಾತ್ರ ಒಂದು ಗಳಿಗೆಯೂ ಹೆಚ್ಚುಕಮ್ಮಿ ಇಲ್ಲದೆ, ಸರಿಯಾದ ಹೊತ್ತಿಗೇ. ಮೊಣಕೈಯಿಂದ ಪಾಯಸ ತೊಟ್ಟಿಕ್ಕಿಸುತ್ತ ಓಡಿದೆ. ಹಾಜರಿ ಪುಸ್ತಕದ ಹಾಳೆಗಳು ಇಂದಿಗೂ ಅಂಟಿಕೊಂಡಿವೆ, ಇರುವೆಗಳು ದಿನವೂ ತಪ್ಪದೆ ಹಾಜರಾಗುತ್ತಿವೆ.

ಆಮೇಲೆ ಅಮ್ಮುಕುಟ್ಟಿಯಮ್ಮನೇ ನಡುವೆ ನಿಂತು ಶಿವಯೋಗಪ್ಪನವರಲ್ಲಿ ಮದುವೆಯ ಮಾತೆತ್ತಿದರು. ಕೋಲು ಹಿಡಿದು ಬಂದಿದ್ದ ಆ ಪುಣ್ಯಾತ್ಮರು ಒಪ್ಪಿದರು. ಒಪ್ಪದೆ ಉಳಿದವರು ಬಸವರಾಜೇಶ್ವರಿಯವರು. ಅಡಿಗೆಮನೆಯಲ್ಲಿ ಅಮ್ಮುಕುಟ್ಟಿಯಮ್ಮನಿಗೆ ವಿಷುವಿನಂಥ ಹಬ್ಬವಿಲ್ಲವೆಂದೂ, ಜಗುಲಿಯಲ್ಲಿ ಮೇಸ್ತ್ರಿಗಳಿಗೆ ಓಣದಂಥ ಹಬ್ಬವಿಲ್ಲವೆಂದೂ ನಾನು ಒಂದೇ ಸಂಜೆ ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರಂತೆ. ಹೀಗೆ ಎಲೆ ಹಾಕಿದ ಕಡೆಯೆಲ್ಲ ತಲೆಯಾಡಿಸುವವರು ನಾಳೆ ನಮ್ಮಪ್ಪನೆದುರು ಒಂದು, ನನ್ನೆದುರು ಇನ್ನೊಂದು ಹೇಳೋದಿಲ್ಲ ಅಂತ ಏನು ಗ್ಯಾರಂಟಿ ಎಂಬುದು ಅವರ ಪ್ರಶ್ನೆ. ನಾನು ಹೇಳಿದ್ದು ಸುಳ್ಳಲ್ಲ ಮಹಾಶಯರೇ, ಅಡಿಗೆಮನೆಯಲ್ಲಿ ವಿಷು ದೊಡ್ಡದಾಗಿಯೇ ಕಾಣುತ್ತದೆ, ಜಗುಲಿಗೆ ಬಂದರೆ ಓಣಂ ಬೆಳೆದುಬಿಡುತ್ತದೆ. ಈ ವಾದ ಅವರಲ್ಲಿ ನಡೆಯಲಿಲ್ಲ. ಯಾವುದಾದರೂ ಒಂದನ್ನು ಊರಿಗೆಲ್ಲ ಕಾಣುವಂತೆ ಬರೆದು ಅಂಟಿಸಬೇಕು, ಆಮೇಲೆ ಮುಂದಿನ ಮಾತು.

ಅವರಿಗೆ ಓಣವೆಂದರೆ ಪ್ರಾಣ, ವಿಷುವೆಂದರೆ ಇದ್ದಿಲು ಪುಡಿಯ ನೆನಪಾಗಿ ಮುಖ ಕೆಂಪಗಾಗುತ್ತದೆ. ಓಣಂ ಎಂದು ಬರೆದರೆ ಬದುಕಿದೆ, ಅದು ನನಗೂ ಗೊತ್ತು. ಹೊಟ್ಟೆಯನ್ನು ಕೇಳಿದರೂ ಅದು ಓಣಂ ಎಂದೇ ಹೇಳುತ್ತದೆ. ಆದರೆ ಓಣದಲ್ಲಿ ಎಲ್ಲವೂ ಮೊದಲೇ ಗೊತ್ತು: ರಾಜ ಬರುತ್ತಾನೆ, ಎಲೆ ಹಾಕುತ್ತಾರೆ, ಪಾಯಸ ಬರುತ್ತದೆ, ತಾವು ಕೂಗುತ್ತೀರಿ. ವಿಷುವಿನಲ್ಲಿ ಕಣ್ಣು ಮುಚ್ಚಿ, ಇನ್ನೊಬ್ಬರನ್ನು ನಂಬಿ, ಎದುರಿಗೆ ಏನಿದೆಯೋ ಎಂದು ಎದೆ ಹೊಡೆದುಕೊಳ್ಳುತ್ತ ನಡೆಯಬೇಕು. ನಡೆದೆ, ಕಂಡೆ. ಮೊದಲು ಕಂಡದ್ದು ವರ್ಷವಿಡೀ ನನ್ನ ಕಣ್ಣೆದುರಿನಿಂದ ಹೋಗಲೇ ಇಲ್ಲ. ಬಸವರಾಜೇಶ್ವರಿಯವರು ನನಗೆ ಬಹಳ ಬಹಳ ಇಷ್ಟ. ಆದ್ದರಿಂದ ಅವರು ಒಲ್ಲೆನೆಂದರೂ ಸರಿಯೇ, ಮೇಸ್ತ್ರಿಗಳು ಇನ್ನು ಮೇಲೆ ನನಗೆ ಎಲೆ ಹಾಕದಿದ್ದರೂ ಸರಿಯೇ, ನನಗೆ ವಿಷುವೇ ಹೆಚ್ಚು. ಬರೆದಾಯಿತು, ಇನ್ನು ಅಂಟು ಕಲಸಬೇಕು.

ಕಡೆಯದಾಗಿ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ಮುಂದಿನ ಓಣದಂದು ಪ್ರಥಮನ್ ಬಡಿಸಿ ಮುಗಿಯುವವರೆಗೆ ತಾವು ಉಸಿರು ಬಿಗಿಹಿಡಿದಿರಬೇಕು. ಆಗದಿದ್ದರೆ ಹೂವಿನೆಸಳು ಅಲುಗದಷ್ಟು ಮೆಲ್ಲಗೆ, ಆದಷ್ಟು ಹಾಡಿನಂತೆ ಕೂಗಬೇಕು. ವಿಷುವಿನ ಹಿಂದಿನ ದಿನ ತಾವೇ ಮೇಸ್ತ್ರಿಗಳ ಮನೆಗೆ ದಯಮಾಡಿಸಿ, ನಮ್ಮೆಲ್ಲರ ಸಾಲಿನಲ್ಲಿ ಮಲಗಿ, ಬೆಳಿಗ್ಗೆ ಬೇರೆಯವರು ಎಬ್ಬಿಸಿದರೆ ಹೇಗಿರುತ್ತದೆಂಬುದನ್ನು ಒಮ್ಮೆ ಅನುಭವಿಸಬೇಕು. ಕಣ್ಣು ಮುಚ್ಚಿ ಕರೆತರುವ ಹೊಣೆ ನನ್ನದು.

ಕಿವಿ ಇರುವವರೆಗೆ ತಮ್ಮ ವಿಶ್ವಾಸಿ,
ಹಾಲಸ್ವಾಮಿ

ವಿ.ಸೂ.: ಪತ್ರವನ್ನು ಹೆಬ್ಬಾಗಿಲಿಗೆ ಅಂಟಿಸಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಯಾರೋ ಅದರ ತಪ್ಪುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ ದುಂಡನೆಯ ಅಕ್ಷರದಲ್ಲಿ, ‘ಓಣಂ ಅಂತ ಬರೆದಿದ್ದರೆ ಬೇಡ ಅನ್ನಬೇಕು ಅಂತಿದ್ದೆ. ಅಪ್ಪನಿಗೆ ಹೇಳಿದ್ದೀನಿ. ನಿಮ್ಮ ತಾಯಿಯವರನ್ನು ಶಿವಮೊಗ್ಗದಿಂದ ಕರೆಸಿ’ ಎಂದು ಬರೆದಿದ್ದಾರೆ. ಮೇಸ್ತ್ರಿಗಳು ಮಾತು ಬಿಟ್ಟಿದ್ದಾರಾದರೂ ಮದುವೆಗೆ ಪಾಯಸ ಮಾಡಿಸುವವನು ನಾನೇ ಎಂದು ಹೆಂಡತಿಯ ಮೂಲಕ ಹೇಳಿ ಕಳಿಸಿದ್ದಾರೆ. ಆದಕಾರಣ ಮಾನ್ಯರೇ, ಮುಹೂರ್ತದ ಹೊತ್ತಿನಲ್ಲಿ ತಾವು ಕೃಪೆಮಾಡಿ ಬಾಯಿ ಮುಚ್ಚಿಕೊಂಡಿರಬೇಕು. ತಾವೊಮ್ಮೆ ಕೂಗಿದರೆ ಬಂದ ಜನರೆಲ್ಲ ಅಕ್ಷತೆ ಕೈಯಲ್ಲೇ ಹಿಡಿದು ಕೆಲಸಕ್ಕೆ ಓಡುತ್ತಾರೆ, ಅಭ್ಯಾಸಬಲದಿಂದ ಮದುಮಗನೂ ಓಡಿಯಾನು.