ಐದು ಗಂಟೆಯ ಫೋನು

ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ ಎಲ್ಲ ತಿರುಗಿ ಈಗ ಇಂಡಿ ಕಡೆ ಬಂದಿರುವ ಗಣಿತದ ಮಾಸ್ತರ ನಾನು. ಊರು ಯಾವುದಾದರೇನು, ಹತ್ತನೆಯ ತರಗತಿಯ ಫಲಿತಾಂಶ ಬಂತೆಂದರೆ ಇಂಥದ್ದೊಂದು ಆಗಿಯೇ ತೀರುತ್ತದೆ. ಮಕ್ಕಳು ಯಾಕೆ ಫೇಲಾಗುತ್ತಾರೆಂದು ತಿಳಿಯಿತು ಅಂದುಕೊಂಡಾಗಲೆಲ್ಲ ನನ್ನ ತಲೆ ಇನ್ನಷ್ಟು ಕೆಟ್ಟಿದೆ.

ಯಾರ ತಪ್ಪು?

"ಗಣಿತದಾಗ ಇಷ್ಟ ಮಂದಿ ಯಾಕ ಹೋದ್ರು?" ಎಂದು ಹೆಡ್‌ಮಾಸ್ತರರು ಕೇಳಿದರು.

"ಪ್ರಶ್ನಿ ಓದಾಕ ಬರಂಗಿಲ್ರಿ ಸರ. ಕನ್ನಡದ್ದ ತೊಂದ್ರಿ" ಎಂದೆ.

ಕನ್ನಡದ ಮಾಸ್ತರರು ಉರಿದುಬಿದ್ದು ಪ್ರಾಥಮಿಕ ಶಾಲೆಯ ಕಡೆ ಬೆರಳು ತೋರಿಸಿದರು. ಅಲ್ಲಿಯ ಗುರುಗಳು, ಮನೆಯಲ್ಲಿ ಓದಿಸುವುದಿಲ್ಲ ಎಂದರು. ಪಾಲಕರ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತ. "ಮನ್ಯಾಗ ನಾವ ಓದಸೂದಾದ್ರ, ಇಲ್ಲಿ ನೀವೇನ್ ಮಾಡ್ತೀರಿ?"

ಎಲ್ಲರೂ ನನ್ನ ಮುಖ ನೋಡಿದರು.

ಉಪಾಯ

ಇದಕ್ಕೆಂದು ಹೋದ ವರ್ಷ ನಾವೇ ಒಂದು ಉಪಾಯ ಮಾಡಿದೆವು. ಹಿಂದುಳಿದ ಮಕ್ಕಳ ಮನೆಗೆ ಬೆಳಿಗ್ಗೆ ಐದಕ್ಕೆ ಫೋನು ಮಾಡಿ ಓದಲು ಎಬ್ಬಿಸುವುದು. ನನ್ನ ಪಾಲಿಗೆ ತಾಂಬಾ ಊರಿನ ಕಡೆಯ ರೈತನೊಬ್ಬನ ಮಗಳು ಬಂದಳು. ದಿನಾ ಮಾಡಿದೆ. ಅವರಪ್ಪ ಮೊದಲ ರಿಂಗಿಗೇ ಎತ್ತಿ, "ಎದ್ದೇವ್ರಿ ಸರ" ಅನ್ನುತ್ತಿದ್ದ. ಆದರೂ ಹುಡುಗಿ ಗಣಿತದಲ್ಲಿ ಫೇಲು. ನಾನು ಫೋನೇ ಮಾಡದವರು ಪಾಸು!

"ಯಾಕವಾ, ಏನಾತು?"

"ಲೆಕ್ಕಾ ಬರ್ತಿದ್ವುರಿ ಸರ. ಪರೀಕ್ಷಾದಾಗ ನಿದ್ದಿ ಬಂತ್ರಿ."

"ನಿದ್ದಿ ಯಾಕ ಬಂತು?"

"ದಿನಾ ಐದಕ್ಕ ಎಬ್ಬಸ್ತಿದ್ರಲ್ರಿ, ನೀವು."

ಮನೆ ಭೇಟಿ

ಫೇಲಾದವರು ಮತ್ತೆ ಬರೆಯುವ ಎರಡನೆಯ ಪರೀಕ್ಷೆ ಬಾಕಿ ಇತ್ತು, ನನ್ನ ಫೋನೂ ನಡೆದೇ ಇತ್ತು. ಅದರಲ್ಲಿ ಪಾಸಾದರೆ ಇಂಡಿಯ ಕಾಲೇಜು, ಇಲ್ಲದಿದ್ದರೆ ಶಾಲೆ ಬಿಟ್ಟು ಹೊಲದ ಕೆಲಸ ಎಂದು ಅವರಪ್ಪ ಹೇಳಿಬಿಟ್ಟಿದ್ದ. ಲೆಕ್ಕ ಬರುತ್ತಿದ್ದ ಹುಡುಗಿಗೆ ಹೀಗಾಯಿತಲ್ಲ ಎಂದು ಸಂಕಟವಾಗಿ ಅವರ ಮನೆಗೇ ಹೋದೆ. ಅಪ್ಪ ಖುಷಿಯಿಂದ ಚಹಾ ಕೊಟ್ಟ.

"ನಿಮ್ಮ ಫೋನ್ ಬರಾಕತ್ತಿದ ಮ್ಯಾಲೆ ನಮ್ಮ ಮನಿ ಸುಧಾರಸೇತ್ರಿ ಸರ! ಐದಕ್ಕ ಎಲ್ಲಾರೂ ಏಳ್ತೇವಿ. ಆಕಿ ಕಸಾ ಹೊಡಿತಾಳ, ನೀರ ತರ್ತಾಳ, ಎಮ್ಮಿ ಹಿಂಡ್ತಾಳ. ನಮ್ಮ ಹಾಲ ಎಲ್ಲಾರಕಿಂತ ಮೊದಲ ಡೇರಿಗಿ ಹೋಗ್ತಾವ."

"ಮತ್ತ ಓದೂದು?"

"ಮೊದಲ ರಾತ್ರಿ ಓದ್ತಿದ್ಳರಿ. ಈಗ ಪುಸ್ತಕ ತಗದ ಕೂಡ್ಲೇ ಮಕ್ಕೋತಾಳ. ಯಾಕೋ ತಿಳೀವಲ್ದು."

ನನಗೆ ತಿಳಿಯಿತು. "ನಾಳಿಂದ ಫೋನ್ ಬಂದ್" ಎಂದೆ. ಅವನ ಮುಖ ಬಾಡಿತು. ಕೊನೆಗೆ ಒಂದು ಒಪ್ಪಂದವಾಯಿತು. ಮಗಳು ಪಾಸಾಗುವ ತನಕ ಎಮ್ಮೆ ಹಿಂಡುವುದು ಅಪ್ಪನ ಕೆಲಸ, ಹುಡುಗಿ ರಾತ್ರಿ ಓದಿ ಬೆಳಕು ಹರಿಯುವ ತನಕ ಮಲಗಬೇಕು. ಅವನನ್ನು ಎಬ್ಬಿಸುವ ಫೋನು ಮಾತ್ರ ನನ್ನದೇ. ಹೀಗಾಗಿ ಕಲಿಯುವವಳು ಮಲಗಿದಳು, ಕಲಿಸುವ ನಾನು ಎದ್ದು ಕೂತೆ.

ಪಾಸು

ಈ ಸಲ ಫೋನು ಅವರ ಕಡೆಯಿಂದ ಬಂತು. "ಸರ, ಪಾಸಾದ್ನಿರಿ!" ನನ್ನ ಕಣ್ಣು ತುಂಬಿಬಂತು. ಮರುದಿನ ಹೊತ್ತು ಏರುವ ತನಕ ನೆಮ್ಮದಿಯಾಗಿ ಮಲಗಿದೆ.

ಶಾಲೆಗೆ ಹೋದರೆ ಹೆಡ್‌ಮಾಸ್ತರರ ಕೋಣೆಯಲ್ಲಿ ಅವರಪ್ಪ ನಿಂತಿದ್ದಾನೆ. ಪೇಢೆ ತಂದಿರಬೇಕು ಅಂದುಕೊಂಡೆ. ಅವನು ತಂದದ್ದು ದೂರು.

"ಇವತ್ತ ಇವ್ರು ಫೋನ್ ಮಾಡ್ಲಿಲ್ರಿ. ಮನಿಮಂದೆಲ್ಲಾ ಮಕ್ಕೊಂಡ್ವಿ, ಡೇರಿ ತಪ್ಪಿತು."

ಹೆಡ್‌ಮಾಸ್ತರರು ನನ್ನನ್ನೂ ಅವನನ್ನೂ ನೋಡಿ, "ಮಗಳು ಪಾಸಾಗ್ಯಾಳಲ್ಲಪಾ. ಇನ್ನ್ಯಾಕ ಫೋನ್?" ಎಂದರು.

ಅವನು ತಲೆ ಕೆರೆದುಕೊಂಡ. ಆಮೇಲೆ ಕೈಮುಗಿದ.

"ಸಣ್ಣ ಮಗಳು ಎಂಟನೇ ಕ್ಲಾಸಿನ್ಯಾಗ ಅದಾಳ್ರಿ. ಬೇಕಾದ್ರ ಆಕಿನ್ನ ಈಗ ಫೇಲ್ ಮಾಡಿಬಿಡ್ರಿ ಸರ. ಫೋನ್ ಮಾತ್ರ ನಿಲ್ಲಸಬ್ಯಾಡ್ರಿ!"