ಹಕ್ಕಿಯ ನಿದ್ದೆ, ಮೆಲಿತೋನನ ನಿದ್ದೆ

ಕೆಲಸ ಮುಗಿಸಿ ಬೆಳಗಿನ ಚಳಿಯಲ್ಲಿ ಮನೆಗೆ ಬಂದ ಮೆಲಿತೋನ್, ಕಿಟಕಿಯ ಹೂಕುಂಡದಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ಝೇಂಕಾರದ ಹಕ್ಕಿಯನ್ನು ನೋಡಿಯೂ ನೋಡದಂತೆ ಒಳಗೆ ಹೋಗಿದ್ದರೆ ಅವನ ಬಾಳು ನೆಟ್ಟಗಿರುತ್ತಿತ್ತು. ಪಾಪ, ಕೈಗೆತ್ತಿಕೊಂಡ. ಹೂವಿನ ಮಕರಂದ ಹೀರುವ ಹೆಬ್ಬೆರಳಷ್ಟು ಜೀವ, ಕಲ್ಲಿನಂತೆ ತಣ್ಣಗಿತ್ತು.

ಮೆಲಿತೋನ್ ಊರ ಮಾರ್ಕೆಟ್ಟಿನ ರಾತ್ರಿ ಕಾವಲುಗಾರ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆಯಂತೆ. ಇವನಿಗೆ ನೂರು ಚಿಂತೆಯಿದ್ದರೂ ಸಂತೆಯಲ್ಲಿ ಮಾತ್ರವೇ ನಿದ್ದೆ. ಗದ್ದಲದ ವಠಾರದಲ್ಲಿ ಹಗಲು ಕಣ್ಣು ಮುಚ್ಚಲು ಯಾರು ಬಿಡುತ್ತಾರೆ? ಈರುಳ್ಳಿ ಮೂಟೆಗೆ ಒರಗಿ ಗೊರಕೆ ಹೊಡೆಯುತ್ತ ಎರಡು ಸಲ ಸಿಕ್ಕಿಬಿದ್ದಿದ್ದ. "ಇನ್ನೊಂದ್ಸಲ ಸಿಕ್ಕಿದ್ರೆ ಮನೇಲೇ ಮಲಕ್ಕೋ, ಬರಬೇಡ" ಎಂದು ಮೇಲ್ವಿಚಾರಕ ದೋನ್ ಬಸಿಲಿಯೊ ನಿನ್ನೆ ತಾನೇ ಹೇಳಿದ್ದ. ಆದ್ದರಿಂದ ಇವತ್ತು ಹಗಲು ನಿದ್ದೆ ಮಾಡಲೇಬೇಕಿತ್ತು.

"ಅಯ್ಯೋ, ತಾನಾಗೇ ಸತ್ತ ಹಕ್ಕಿ!" ಎದುರುಮನೆಯ ದೋನ್ಯಾ ಒತಿಲಿಯಾ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಇಲ್ಲಿ ಕೊಡಿ ದೋನ್ ಮೆಲಿತೋನ್, ನಮ್ಮ ಮಗಳು ಚೇಲಾಗೆ ಬೇಕು."

ಸತ್ತ ಝೇಂಕಾರದ ಹಕ್ಕಿಗೆ ಕೆಂಪು ದಾರ ಸುತ್ತಿ ಎದೆಯ ಹತ್ತಿರ ಇಟ್ಟುಕೊಂಡರೆ ಒಲಿಯದ ಗಂಡೂ ಒಲಿಯುತ್ತಾನೆಂಬುದು ಊರಿಗೆಲ್ಲ ಗೊತ್ತು. ಚೇಲಾಳನ್ನು ಮದುವೆಯಾಗುತ್ತೇನೆಂದ ರಮಿರೊ, "ಕಾಯಂ ಕೆಲಸ ಸಿಗಲಿ" ಎನ್ನುತ್ತ ಆರು ವರ್ಷದಿಂದ ಆ ಮನೆಯಲ್ಲಿ ಬರೀ ಊಟ ಮಾಡುತ್ತಿದ್ದ.

"ನಿಲ್ಲಿ ನಿಲ್ಲಿ!" ಮೆಟ್ಟಿಲ ಕೆಳಗಿನ ಕ್ಷೌರದಂಗಡಿಯಿಂದ ನಬೋರ್ ಕತ್ತರಿ ಹಿಡಿದೇ ಬಂದ. "ನನ್ನ ಹೆಂಡ್ತಿ ತವರಿಗೆ ಹೋಗಿ ಎರಡು ವರ್ಷ ಆಯ್ತು. ಹಕ್ಕಿ ನನಗೆ."

"ಅವಳು ಅಲ್ಲಿ ಸುಖವಾಗಿದ್ದಾಳೆ ಬಿಡೋ. ಸತ್ತ ಹಕ್ಕಿ ಕೈಲಿ ಯಾಕೆ ಪಾಪ ಮಾಡಿಸ್ತೀಯ?" ಎಂದಳು ಒತಿಲಿಯಾ.

ಒಬ್ಬರು ಬಲಗೈ ಎಳೆದರು, ಒಬ್ಬರು ಎಡಗೈ. ಮೆಲಿತೋನ್ ಹಕ್ಕಿಯನ್ನು ಅಂಗಿಯೊಳಗೆ ಸೇರಿಸಿ ಗೋಡೆಗೆ ಒರಗಿದ. "ನಾನು ಮಲಗಿ ಏಳ್ತೀನಿ. ಆಮೇಲೆ ಕಿತ್ತಾಡಿ" ಎಂದು ಅಂಗಲಾಚಿದ. ಕೇಳುವವರಾರು? ಅರ್ಧ ಗಂಟೆ ಜಗಳವಾಯಿತು. ವಠಾರವೆಲ್ಲ ಸೇರಿತು.

ಆಗ ಅಂಗಿಯೊಳಗೆ ಏನೋ ನಡುಗಿತು. ತನ್ನ ಎದೆಯೇ ಕೈಕೊಟ್ಟಿತೆಂದುಕೊಂಡ ಮೆಲಿತೋನ್. ಅಷ್ಟರಲ್ಲಿ ಹೊಲಿಗೆ ಯಂತ್ರದಂತೆ ಸದ್ದು ಮಾಡುತ್ತ ಹಕ್ಕಿ ಕಾಲರಿನಿಂದ ಹೊರಬಿತ್ತು. ಒತಿಲಿಯಾಳ ಕೆಂಪು ಓಲೆ ಹೂವೋ ಏನೋ ಎಂದು ಗಾಳಿಯಲ್ಲೇ ನಿಂತು ಪರೀಕ್ಷಿಸಿ, ಸೂರು ದಾಟಿ ಹಾರಿಹೋಯಿತು.

ಒತಿಲಿಯಾ ಮಂಡಿಯೂರಿದಳು. "ಸತ್ತಿದ್ದನ್ನ ಬದುಕಿಸಿಬಿಟ್ರು!"

"ಎಲ್ಲಿಯ ಬದುಕಿಸೋದು! ಚಳಿ ರಾತ್ರೀಲಿ ಅದು ಮಲಗೋದೇ ಹಂಗೆ. ಮೈ ತಣ್ಣಗಾಗತ್ತೆ, ಉಸಿರೂ ಗೊತ್ತಾಗಲ್ಲ. ಬೆಚ್ಚಗಾದ್ರೆ ಏಳತ್ತೆ. ನಮ್ಮಜ್ಜಿ ಹೇಳ್ತಿದ್ಲು, ನಿದ್ದೆಗಣ್ಣಲ್ಲಿ ನನಗೇ ಮರೆತುಹೋಗಿತ್ತು" ಎಂದ ಮೆಲಿತೋನ್.

"ನೋಡಿ, ದೊಡ್ಡವರಿಗೆ ಜಂಬ ಇರಲ್ಲ" ಎಂದ ನಬೋರ್.

ಹತ್ತು ಗಂಟೆಗೆ ಮೊದಲ ಸತ್ತ ಕೋಳಿ ಬಂತು. ಆಮೇಲೆ ಒಂದು ಗಿಳಿ, ಎರಡು ಮೊಲ. ಎಲ್ಲವನ್ನೂ ಅವನ ಅಂಗಿಯೊಳಗೇ ತುರುಕಬೇಕೆಂಬ ಹಟ.

"ಅಮ್ಮಾ, ಈ ಕೋಳೀನ ಅರ್ಧ ತಿಂದಿದ್ದೀರಲ್ಲ!"

"ಉಳಿದಿದ್ದಕ್ಕಾದ್ರೂ ಜೀವ ಬರಲಿ ಅಂತ, ಯಜಮಾನ್ರೆ."

ಮೂರು ಗಂಟೆಗೆ ಅವನ ಶಕ್ತಿಯೆಲ್ಲ ಬಸಿದುಹೋಗಿತ್ತು. ಹಿತ್ತಲ ಬಾಗಿಲಿನಿಂದ ಜಾರಿ, ಬಟ್ಟೆ ಒಗೆಯುವ ತೊಟ್ಟಿಯ ಹಿಂದೆ ಒದ್ದೆ ಕಲ್ಲುಚಪ್ಪಡಿಯ ಮೇಲೆ ಉರುಳಿದ. ಕಲ್ಲು ಕೊರೆಯುತ್ತಿತ್ತು, ಆದರೂ ಅಂಥ ನಿದ್ದೆ ಅವನಿಗೆ ವರ್ಷಗಳಿಂದ ಬಂದಿರಲಿಲ್ಲ.

ಕಣ್ಣು ಬಿಟ್ಟಾಗ ಸಂಜೆ, ತನ್ನದೇ ಕೋಣೆ. ಸುತ್ತ ನಾಲ್ಕು ಮೋಂಬತ್ತಿ, ಬಿಳಿ ಹೂವು, ಕಾಫಿಯ ವಾಸನೆ. ಹೆಂಗಸರು ಜಪಮಾಲೆ ಹಿಡಿದು ಪ್ರಾರ್ಥಿಸುತ್ತಿದ್ದರು. ಮೆಲಿತೋನನಿಗೂ ಅಳು ಬಂತು. "ಯಾರು ಹೋಗಿದ್ದು?" ಎಂದು ಕೇಳಿದ.

ಮೂವರು ಹೆಂಗಸರು ಕಿರುಚಿದರು. ಒಬ್ಬಳು ಮೂರ್ಛೆ ಹೋದಳು.

"ನನ್ನ ತಪ್ಪಿಲ್ಲಪ್ಪ!" ಎಂದ ನಬೋರ್. "ಮೈಯೆಲ್ಲ ತಣ್ಣಗಿತ್ತು. ಮೂಗಿನ ಹತ್ರ ಕನ್ನಡಿ ಹಿಡಿದೆ, ಉಸಿರಿನ ಮಂಜೇ ಮೂಡಲಿಲ್ಲ. ತನ್ನ ಜೀವ ಹಕ್ಕಿಗೆ ಕೊಟ್ಟು ಹೋದ ಅಂದ್ಕೊಂಡ್ವಿ." ಆ ಕನ್ನಡಿಯಲ್ಲಿ ಗಿರಾಕಿಗಳು ತಮ್ಮ ಮುಖ ಕಂಡು ಹತ್ತು ವರ್ಷವಾಗಿತ್ತು.

ಮೂಲೆಯಲ್ಲಿ ಟೋಪಿ ತೆಗೆದು ನಿಂತಿದ್ದ ದೋನ್ ಬಸಿಲಿಯೊನನ್ನು ಕಂಡು ಮೆಲಿತೋನ್ ಜಿಗಿದೆದ್ದ. "ಇಗೋ, ಹೊರಟೆ ಬುದ್ಧಿ! ಕಣ್ತುಂಬ ನಿದ್ದೆ ಆಗಿದೆ. ಇವತ್ತು ರೆಪ್ಪೆ ಬಡಿದ್ರೆ ಕೇಳಿ."

ದೋನ್ ಬಸಿಲಿಯೊ ಟೋಪಿ ತಿರುಗಿಸಿದ. "ಬದುಕಿದ್ದೀಯಲ್ಲ, ಸಂತೋಷ ಕಣಯ್ಯಾ. ಆದ್ರೆ ಮಾರ್ಕೆಟ್ಟನ್ನ ಒಂದು ರಾತ್ರಿನೂ ಹಂಗೇ ಬಿಡಕ್ಕಾಗತ್ತಾ? ನಿನ್ನ ಜಾಗಕ್ಕೆ ಆಗ್ಲೇ ಒಬ್ಬನ್ನ ಹಾಕ್ಕೊಂಡುಬಿಟ್ಟೆ. ಕಾಯಂ ಅಂತ ರುಜುನೂ ಆಯ್ತು."

"ಯಾರನ್ನ?"

ಜೋಳದ ಹಿಟ್ಟಿನ ಕಡುಬು, ತಮಾಲೆ ತುಂಬಿದ ತಟ್ಟೆ ಹಿಡಿದು ಒತಿಲಿಯಾ ಮುಂದೆ ಬಂದಳು. ಅತ್ತು ಅತ್ತು ಕೆಂಪಾದ ಕಣ್ಣಲ್ಲೇ ನಗು. "ನಮ್ಮ ರಮಿರೊನ್ನೇ! ಚೇಲಾಗೆ ಮಾತೂ ಕೊಟ್ಟ, ಬರೋ ಭಾನುವಾರ ನಿಶ್ಚಿತಾರ್ಥ. ಹಕ್ಕಿ ಹಾರಿಹೋದ್ರೇನು, ತನ್ನ ಕೆಲಸ ಮಾಡ್ಕೊಟ್ಟೇ ಹೋಯ್ತು. ನೀವು ಬರಲೇಬೇಕು."

ಮೆಲಿತೋನ್ ತಟ್ಟೆ ಇಸಕೊಂಡ. ತನ್ನದೇ ಸಾವಿನ ಊಟ, ಒಲ್ಲೆ ಅನ್ನಲು ಬಾಯಿ ಬರಲಿಲ್ಲ.

ಮೋಂಬತ್ತಿ ಆರಿಸಿ ಎಲ್ಲರೂ ತುದಿಗಾಲಲ್ಲಿ ಹೊರಟರು. "ಪಾಪ, ದಣಿದಿದ್ದಾರೆ. ಇನ್ಮೇಲೆ ಯಾರೂ ಗಲಾಟೆ ಮಾಡಬಾರ್ದು" ಎಂದು ಒತಿಲಿಯಾ ಮೆಲ್ಲಗೆ ಕದ ಎಳೆದುಕೊಂಡಳು. ವಠಾರದಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಮೆಲಿತೋನ್ ಚಾಪೆಯ ಮೇಲೆ ಮಲಗಿ, ಮಾರ್ಕೆಟ್ಟಿನ ಈರುಳ್ಳಿ ಮೂಟೆಯನ್ನು ನೆನೆಯುತ್ತ, ಎರಡೂ ಕಣ್ಣು ಬಿಟ್ಟುಕೊಂಡು ಸೂರು ಕಾಯತೊಡಗಿದ.